ಚಳಿಗಾಲದ ಹಿತ್ತಿಲು: ದೀಪಾವಳಿಯಿಂದ ಶಿವರಾತ್ರಿವರೆಗಿನ ಕೆಲಸಗಳು

ಚಳಿ ಬಂದಾಗ ಗಿಡಗಳಿಗೆ ಹೊದಿಕೆ ಹಾಕಿ ಬೇಸಿಗೆಗೆ ಕಾಯುವುದು ತಣ್ಣನೆಯ ದೇಶಗಳ ರೂಢಿ. ನಮ್ಮ ಗಡಿನಾಡಿನ ಊರುಗಳಲ್ಲಿ, ಉದಕಮಂಡಲದ ಸುತ್ತಿನ ತಗ್ಗು ಜಾಗಗಳನ್ನು ಬಿಟ್ಟರೆ, ಚಳಿಗಾಲವೇ ಹಿತ್ತಿಲಿಗೆ ವರ್ಷದ ಒಳ್ಳೆಯ ಕಾಲ. ಸೊಪ್ಪು, ಮೂಲಂಗಿ, ಗಜ್ಜರಿ, ಕೋಸು ಬೆಳೆಯುವುದು ಈಗ. ಅವರೆ ಕೊಯ್ಯುವುದು ಈಗ. ಗುಲಾಬಿ, ಮಲ್ಲಿಗೆ ಸವರುವುದೂ ಈಗಲೇ.

ಆದರೆ ಎಲ್ಲರ ಚಳಿಗಾಲವೂ ಒಂದೇ ಅಲ್ಲ. ಡಿಸೆಂಬರ್ ಮೊದಲ ವಾರದಲ್ಲಿ ಮಂಜೇಶ್ವರದ ಸದಸ್ಯರು ಅಡಿಕೆ ಮರಕ್ಕೆ ನೀರು ಬಿಡಲು ಆರಂಭಿಸಿರುತ್ತಾರೆ; ಅಕ್ಕಲಕೋಟೆಯವರು ನೀರೇ ಕೊಡದೆ ಬೆಳೆದ ಬಿಳಿಜೋಳದ ನಡುವೆ ಎಡೆ ಹೊಡೆಯುತ್ತಿರುತ್ತಾರೆ; ಹೊಸೂರಿನವರ ಕೈಯಲ್ಲಿ ಗುಲಾಬಿ ಸವರುವ ಕತ್ತರಿ ಇರುತ್ತದೆ. ಬೆಂಗಳೂರನ್ನು ಮನಸ್ಸಿನಲ್ಲಿಟ್ಟು ಬರೆದ ತೋಟದ ಪಂಚಾಂಗ ಹೊಸೂರಿಗೆ ಹೊಂದೀತು, ತಾಳವಾಡಿಗೂ ಅಷ್ಟಿಷ್ಟು ಹೊಂದೀತು. ಕಾಸರಗೋಡಿನಲ್ಲೋ ಜತ್ತಿನಲ್ಲೋ ಅದನ್ನು ಹಿಡಿದು ಕುಳಿತರೆ ಬೀಜವೂ ಹೋಯಿತು, ನೀರೂ ಹೋಯಿತು. ಆದ್ದರಿಂದ ಕೆಲಸಕ್ಕೆ ಇಳಿಯುವ ಮೊದಲು ನಿಮ್ಮ ಊರಿನದೇ ಎರಡು ಲೆಕ್ಕ ಹಾಕಿಕೊಳ್ಳಿ. ತಣ್ಣನೆಯ ರಾತ್ರಿಗಳು ಇನ್ನೆಷ್ಟು ವಾರ ಉಳಿದಿವೆ? ಬಾವಿ ಅಥವಾ ಬೋರಿನ ನೀರು ಯಾವ ತಿಂಗಳವರೆಗೆ ಬರುತ್ತದೆ?

ನೀರಿನ ಲೆಕ್ಕ

ಕರಾವಳಿ ಮತ್ತು ವಯನಾಡಿನ ಮಳೆ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ನೊಳಗೆ ಸುರಿದು ಮುಗಿಯುತ್ತದೆ. ನವೆಂಬರ್‌ನಲ್ಲಿ ಬಾವಿ ತುಂಬಿರುವುದನ್ನು ನೋಡಿ ಧಾರಾಳವಾಗಬೇಡಿ. ಮುರಕಲ್ಲಿನ ನೆಲದಲ್ಲಿ ನೀರು ನಿಲ್ಲುವುದಿಲ್ಲ. ಮಾರ್ಚ್ ಹೊತ್ತಿಗೆ ಅದೇ ಬಾವಿಯ ತಳ ಕಾಣುತ್ತದೆ. ಹೊಸೂರು, ತಾಳವಾಡಿ, ಮಡಕಶಿರಾ ಕಡೆಗೆ ಅಕ್ಟೋಬರ್ ಮತ್ತು ನವೆಂಬರ್‌ನ ಹಿಂಗಾರು ಮಳೆ ಸಿಗುವುದರಿಂದ ಅಲ್ಲಿ ಚಳಿಗಾಲದ ಆರಂಭಕ್ಕೆ ನೆಲ ತೇವವಾಗಿರುತ್ತದೆ. ಸೊಲ್ಲಾಪುರ, ಜತ್ತ, ಆದೋನಿಯ ಎರೆ ಭೂಮಿ ಬೇರೆಯೇ ರೀತಿ. ಮಳೆ ಕಡಿಮೆ, ಆದರೆ ಕುಡಿದ ನೀರನ್ನು ಎರೆಮಣ್ಣು ತಿಂಗಳುಗಟ್ಟಲೆ ಹಿಡಿದಿಡುತ್ತದೆ.

ಚಳಿಗಾಲದಲ್ಲಿ ಒಂದು ಚದರ ಮೀಟರ್ ತರಕಾರಿ ಮಡಿಗೆ ದಿನಕ್ಕೆ ಸುಮಾರು 4ರಿಂದ 5 ಲೀಟರ್ ನೀರು ಬೇಕು. ಮೂರು ಮೀಟರ್ ಉದ್ದ, ಮೂರು ಮೀಟರ್ ಅಗಲದ ಮಡಿಗೆ ಸುಮಾರು 40 ಲೀಟರ್, ಅಂದರೆ ಮೂರು ಕೊಡದಷ್ಟು. ಫೆಬ್ರವರಿ ಕೊನೆಗೆ ಇದು ಹೆಚ್ಚುಕಡಿಮೆ ಒಂದೂವರೆ ಪಟ್ಟಾಗುತ್ತದೆ. ಈ ಲೆಕ್ಕ ಹಾಕಿದ ಮೇಲೆ ಎಷ್ಟು ಮಡಿ ಮಾಡಬೇಕೆಂಬುದನ್ನು ನೀರೇ ಹೇಳುತ್ತದೆ. ಆರು ಮಡಿ ಬಿತ್ತಿ ಮೂರನ್ನು ಒಣಗಿಸುವುದಕ್ಕಿಂತ ಮೂರನ್ನೇ ಮಾಡಿ ಉಳಿಸಿಕೊಳ್ಳುವುದು ಮೇಲು.

ಮಡಿಯ ಮೇಲೆ ಒಣ ತರಗೆಲೆ, ಕಬ್ಬಿನ ರವದಿ, ಅಡಿಕೆ ಸೋಗೆ, ಶೇಂಗಾ ಸಿಪ್ಪೆ, ಯಾವುದು ಹತ್ತಿರ ಸಿಗುತ್ತದೋ ಅದನ್ನು ನಾಲ್ಕು ಬೆರಳು ದಪ್ಪ ಹರಡಿದರೆ ನೀರು ಗಣನೀಯವಾಗಿ ಉಳಿಯುತ್ತದೆ. ರಾಯದುರ್ಗದಂಥ ಒಣ ಊರಿನಲ್ಲಿ ಹೊಸದಾಗಿ ನೆಟ್ಟ ನಿಂಬೆ, ಕರಿಬೇವಿನ ಗಿಡಗಳ ಪಕ್ಕ ಹಳೆಯ ಮಣ್ಣಿನ ಮಡಕೆಯೊಂದನ್ನು ಕುತ್ತಿಗೆಯವರೆಗೆ ಹೂತು, ನೀರು ತುಂಬಿ ಮುಚ್ಚಿಡಿ. ಮಡಕೆಯ ಮೈಯಿಂದ ಒಸರುವ ನೀರು ನೇರ ಬೇರಿಗೆ ಹೋಗುತ್ತದೆ. ಬಣ್ಣ ಬಳಿದ ಮಡಕೆ ಬೇಡ, ಅದು ಒಸರುವುದಿಲ್ಲ.

ನೀರು ಹಾಕುವ ಹೊತ್ತು ಬೆಳಿಗ್ಗೆ. ಚಳಿಗಾಲದ ಸಂಜೆ ಹಾಕಿದ ನೀರು ರಾತ್ರಿಯಿಡೀ ಎಲೆ ಮತ್ತು ಬುಡದಲ್ಲಿ ನಿಂತು ಎಳೆಯ ಸಸಿಗಳ ಕೊಳೆರೋಗಕ್ಕೆ ದಾರಿ ಮಾಡಿಕೊಡುತ್ತದೆ.

ಬಿತ್ತನೆ: ಹಿಂದಿನಿಂದ ಎಣಿಸಿ

ಶಿವರಾತ್ರಿಗೆ ಚಳಿ ಶಿವಶಿವಾ ಎನ್ನುತ್ತ ಹೋಗುತ್ತದೆ ಎಂಬ ಮಾತು ತೋಟಕ್ಕೂ ಒಳ್ಳೆಯ ಗಡುವು. ಅಲ್ಲಿಂದ ಹಿಂದಕ್ಕೆ ಎಣಿಸಿ. ಮೆಂತ್ಯೆ ಸೊಪ್ಪಿಗೆ 25ರಿಂದ 30 ದಿನ, ಪಾಲಕ್‌ನ ಮೊದಲ ಕೊಯ್ಲಿಗೂ ಹೆಚ್ಚುಕಡಿಮೆ ಅಷ್ಟೇ, ಕೊತ್ತಂಬರಿ ಮತ್ತು ಮೂಲಂಗಿಗೆ 40 ದಿನದ ಆಸುಪಾಸು ಸಾಕು. ಆದ್ದರಿಂದ ಸೊಪ್ಪುಗಳನ್ನು ಜನವರಿಯಲ್ಲೂ ಬಿತ್ತಬಹುದು. ಒಮ್ಮೆಲೇ ಬಿತ್ತದೆ ಹತ್ತು ದಿನಕ್ಕೊಂದು ಸಾಲಿನಂತೆ ಬಿತ್ತಿದರೆ ಮನೆಗೆ ಬಿಡದೆ ಸಿಗುತ್ತದೆ. ಗಜ್ಜರಿ ಹಾಗಲ್ಲ. ಅದಕ್ಕೆ 80ರಿಂದ 100 ದಿನ ಬೇಕು. ಸೊಲ್ಲಾಪುರ, ಆದೋನಿ, ನಾರಾಯಣಪೇಟೆ ಕಡೆ ಫೆಬ್ರವರಿ ನಡುವಿಗೇ ಬಿಸಿಲು ಏರುವುದರಿಂದ ಡಿಸೆಂಬರ್ ಕೊನೆಗೆ ಬಿತ್ತಿದ ಗಜ್ಜರಿ ನಾರಾಗುತ್ತದೆ. ಎಲೆಕೋಸು, ಹೂಕೋಸಿನ ಸಸಿಗೆ ಒಂದು ತಿಂಗಳು, ನೆಟ್ಟ ಮೇಲೆ ಇನ್ನೂ ಎರಡೂವರೆ ಮೂರು ತಿಂಗಳು. ಬಯಲು ಸೀಮೆಯಲ್ಲೂ ಕರಾವಳಿಯಲ್ಲೂ ಇವನ್ನು ಅಕ್ಟೋಬರ್–ನವೆಂಬರ್‌ನಲ್ಲೇ ನೆಟ್ಟು ಮುಗಿಸಬೇಕು. ಕರಾವಳಿಯ ರಾತ್ರಿ ಅಷ್ಟೇನೂ ತಂಪಾಗದ ಕಾರಣ ಬಿಸಿಲು ತಾಳುವ ತಳಿಯನ್ನೇ ಕೇಳಿ ತರಬೇಕು.

ಕೊತ್ತಂಬರಿ ಬೀಜವನ್ನು ಎರಡು ಹೋಳಾಗುವಂತೆ ಮೆಲ್ಲಗೆ ಉಜ್ಜಿ, ರಾತ್ರಿ ನೀರಲ್ಲಿ ನೆನೆಸಿ ಬಿತ್ತಿ. ಅಂಗಡಿಯ ಹಳೆಯ ಬೀಜವಾದರೆ 20 ಬೀಜ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ನೋಡಿ. ವಾರದೊಳಗೆ ಹದಿನಾಲ್ಕಾದರೂ ಮೊಳೆಯದಿದ್ದರೆ ದಟ್ಟವಾಗಿ ಬಿತ್ತಬೇಕು, ಇಲ್ಲವೇ ಬದಲಿಸಬೇಕು. ಕೊತ್ತಂಬರಿಗೆ ಮಾತ್ರ ಇನ್ನೊಂದು ವಾರ ಕಾಯಿರಿ, ಅದು ತಡವಾಗಿಯೇ ಮೊಳೆಯುತ್ತದೆ.

ಬಾಲ್ಕನಿ ಮತ್ತು ಮಾಳಿಗೆಯ ಕುಂಡಗಳಲ್ಲಿ ಬೆಳೆಯುವ ಗೋವೆಯ, ಸೊಲ್ಲಾಪುರ ಪಟ್ಟಣದ ಸದಸ್ಯರಿಗೆ ಒಂದು ಮಾತು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ಸರಿದಿರುತ್ತಾನೆ. ಮಳೆಗಾಲದಲ್ಲಿ ಬಿಸಿಲು ಕಾಣುತ್ತಿದ್ದ ಉತ್ತರದ ಬಾಲ್ಕನಿಗೆ ಈಗ ಬಿಸಿಲೇ ಇಲ್ಲ. ಕುಂಡಗಳನ್ನು ದಕ್ಷಿಣಕ್ಕೆ ಸಾಗಿಸುವುದೇ ಮೊದಲ ಕೆಲಸ. ಕಡಲಿಗೆ ಹತ್ತಿರವಿದ್ದರೆ ವಾರಕ್ಕೊಮ್ಮೆ ಎಲೆಗಳ ಮೇಲಿನ ಉಪ್ಪನ್ನು ಸಿಹಿನೀರಿನಿಂದ ತೊಳೆಯಿರಿ.

ಬೀಜದ ಪೊಟ್ಟಣದ ಮೇಲಿನ ಹೆಸರು

ಗಡಿನಾಡಿನವರಿಗೆ ಮಾತ್ರ ಇರುವ ತೊಡಕು ಇದು. ನಾವು ಮನೆಯಲ್ಲಿ ಹೇಳುವ ಹೆಸರು ಒಂದು, ಅಂಗಡಿಯ ಪೊಟ್ಟಣದ ಮೇಲೆ ಮಲಯಾಳ, ತಮಿಳು, ಮರಾಠಿ ಅಥವಾ ತೆಲುಗಿನ ಹೆಸರು ಇನ್ನೊಂದು. ಹೆಸರು ಹತ್ತಿರವಾದಷ್ಟೂ ಮೋಸ ಹೋಗುವುದು ಹೆಚ್ಚು.

ಹೊಸೂರು, ಡೆಂಕಣಿಕೋಟೆಯಲ್ಲಿ ‘ಅವರೈ’ ಬೀಜ ಕೇಳಿದರೆ ಸಿಗುವುದು ಸಿಪ್ಪೆಸಮೇತ ಪಲ್ಯ ಮಾಡುವ ಚಪ್ಪರದವರೆ. ಹಿತಕಿದ ಬೇಳೆಗೆ ಬೇಕಾದ ಕಾಳಿನ ಅವರೆ ಬೇಕಿದ್ದರೆ ‘ಮೊಚ್ಚೈ’ ಎನ್ನಬೇಕು. ಮರಾಠಿಯಲ್ಲಿ ಅದು ‘ವಾಲ್’ ಅಥವಾ ‘ಪಾವಟಾ’. ತೆಲುಗಿನಲ್ಲಿ ಗೊಂದಲ ಇನ್ನೂ ದೊಡ್ಡದು: ರಾಯಲಸೀಮೆಯಲ್ಲಿ ‘ಅನಪಕಾಯ’ ಎಂದರೆ ಅವರೆ, ಆಂಧ್ರದ ಕರಾವಳಿ ಕಡೆಗೆ ‘ಆನಪಕಾಯ’ ಎಂದರೆ ಸೋರೆಕಾಯಿ. ಮಡಕಶಿರಾದ ಅಂಗಡಿಗೆ ಬೇರೆ ಕಡೆಯ ಪೊಟ್ಟಣ ಬಂದಿದ್ದರೆ ಒಳಗಿನ ಬೀಜದ ಆಕಾರ ನೋಡಿಯೇ ಕೊಳ್ಳಿ.

ಕಾಸರಗೋಡಿನಲ್ಲಿ ಕುಂಬಳ ಎಂದರೆ ಬೂದುಗುಂಬಳ. ಮಲಯಾಳದ ‘ಕುಂಬಳಂ’ ಕೂಡ ಅದೇ, ಹಾಗಾಗಿ ಅಲ್ಲಿ ತೊಂದರೆ ಇಲ್ಲ. ಚೀನಿಕಾಯಿಗೆ ‘ಮತ್ತನ್’ ಎಂದು ಕೇಳಬೇಕು. ಸೊಲ್ಲಾಪುರ ಕಡೆಯ ಕನ್ನಡದಲ್ಲಿ ಕುಂಬಳ ಎಂದರೆ ಸಿಹಿಗುಂಬಳ, ಅದು ಮರಾಠಿಯ ‘ಲಾಲ್ ಭೋಪಳಾ’. ಬರೀ ‘ಭೋಪಳಾ’ ಎಂದರೆ ಸೋರೆ ಕೊಟ್ಟಾರು, ಏಕೆಂದರೆ ಸೋರೆಗೆ ‘ದೂಧೀ ಭೋಪಳಾ’ ಎನ್ನುತ್ತಾರೆ. ಇನ್ನು ಸೌತೆ. ಕರಾವಳಿಯಲ್ಲಿ ಅದು ಹುಳಿಗೆ ಹಾಕುವ ಕಾಯಿ, ಹಸಿಯಾಗಿ ತಿನ್ನುವುದು ಮುಳ್ಳುಸೌತೆ. ಘಟ್ಟದ ಮೇಲಿನವರಿಗೆ ಸೌತೆ ಎಂದರೇ ಹಸಿ ತಿನ್ನುವ ಕಾಯಿ. ಮಲಯಾಳದ ‘ವೆಳ್ಳರಿ’ ಅಡುಗೆಯದು, ತಮಿಳಿನ ‘ವೆಳ್ಳರಿ’ ಹಸಿ ತಿನ್ನುವುದು.

ಅವರೆಯ ಬಗ್ಗೆ ಇನ್ನೊಂದು ವಿಷಯ. ಹಳೆಯ ನಾಟಿ ಅವರೆ ಹಗಲು ಗಿಡ್ಡವಾದಾಗ ಮಾತ್ರ ಹೂಬಿಡುವ ಗಿಡ. ಆಷಾಢ, ಶ್ರಾವಣದಲ್ಲಿ ಬಿತ್ತಿದ್ದು ಮಾರ್ಗಶಿರದಲ್ಲಿ ಕಾಯಿ ಕೊಡುತ್ತದೆ. ಅದನ್ನು ಡಿಸೆಂಬರ್‌ನಲ್ಲಿ ಬಿತ್ತಿದರೆ ಗಿಡ ಬೆಳೆಯುವ ಮೊದಲೇ ಹೂವಾಗಿ ಬೆರಳೆಣಿಕೆಯ ಕಾಯಿ ಸಿಗುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ 3 ಮತ್ತು 4 ತಳಿಗಳಿಗೆ ಹಗಲಿನ ಉದ್ದದ ಹಂಗಿಲ್ಲ, ನೀರಿದ್ದರೆ ಯಾವಾಗಲೂ ಬಿತ್ತಬಹುದು. ಸೊಗಡು ಮಾತ್ರ ನಾಟಿಯದ್ದೇ ಹೆಚ್ಚು ಎಂಬುದು ತಿಂದವರ ತೀರ್ಪು.

ಕಾಸರಗೋಡು, ವಯನಾಡು

ಕರಾವಳಿಯಲ್ಲಿ ಚಳಿಗಾಲದ ದೊಡ್ಡ ಕೆಲಸ ತೋಡಿಗೆ ಕಟ್ಟ ಹಾಕುವುದು. ಹರಿವು ಇಳಿದರೂ ಪೂರ್ತಿ ನಿಲ್ಲುವ ಮೊದಲು, ಸಾಮಾನ್ಯವಾಗಿ ಡಿಸೆಂಬರ್ ಹೊತ್ತಿಗೆ, ಕಲ್ಲು ಮಣ್ಣಿನಿಂದ, ಈಗೀಗ ಮರಳು ಚೀಲ ಮತ್ತು ಪ್ಲಾಸ್ಟಿಕ್ ಹಾಳೆಯಿಂದ ಕಟ್ಟುವ ಈ ಒಡ್ಡು ಸುತ್ತಲಿನ ಬಾವಿಗಳ ನೀರನ್ನೂ ಏರಿಸುತ್ತದೆ. ಏತಡ್ಕದ ಕಟ್ಟಗಳು ಇದಕ್ಕೆ ಹೆಸರಾಗಿವೆ. ಒಬ್ಬರ ತೋಟಕ್ಕೆ ಒಬ್ಬರೇ ಕಟ್ಟುವುದಕ್ಕಿಂತ ಒಂದೇ ತೋಡಿಗೆ ನಾಲ್ಕಾರು ಕಡೆ ಸರಣಿಯಾಗಿ ಕಟ್ಟಿದಾಗ ಗುಣ ಹೆಚ್ಚು, ಹಾಗಾಗಿ ಇದು ನೆರೆಕರೆಯವರೆಲ್ಲ ಕೂಡಿ ಮಾಡುವ ಕೆಲಸ. ಸುರಂಗವಿರುವ ಮನೆಗಳಲ್ಲಿ ಮಳೆ ನಿಂತ ಮೇಲೆ ಬಾಯಿಗೆ ಬಿದ್ದ ಮಣ್ಣು, ಬೇರು ತೆಗೆದು ನೀರಿನ ದಾರಿ ಬಿಡಿಸಿಕೊಳ್ಳಬೇಕು.

ಅಡಿಕೆ ಮರಕ್ಕೆ ನವೆಂಬರ್–ಡಿಸೆಂಬರ್‌ನಲ್ಲಿ ವಾರಕ್ಕೊಮ್ಮೆ, ಜನವರಿ–ಫೆಬ್ರವರಿಯಲ್ಲಿ ಆರು ದಿನಕ್ಕೊಮ್ಮೆ, ಆ ಮೇಲೆ ಮೂರರಿಂದ ಐದು ದಿನಕ್ಕೊಮ್ಮೆ ನೀರು ಎಂಬುದು ವಾಡಿಕೆಯ ಶಿಫಾರಸು. ಬುಡಕ್ಕೆ ಸೋಗೆ ಹೊದಿಸಿದರೆ ಒಂದೆರಡು ದಿನ ಮುಂದೂಡಬಹುದು. ಎಳೆಯ ಅಡಿಕೆ ಗಿಡಗಳ ಕಾಂಡ ದಕ್ಷಿಣ–ನೈಋತ್ಯದ ಓರೆ ಬಿಸಿಲಿಗೆ ಸುಟ್ಟು ಬಿರುಕು ಬಿಡುವುದೂ ಈ ತಿಂಗಳುಗಳಲ್ಲೇ. ಆ ಬದಿಗೆ ಹಾಳೆ ಅಥವಾ ಸೋಗೆ ಕಟ್ಟಿ. ಒಮ್ಮೆ ಸುಟ್ಟ ಕಾಂಡ ಮತ್ತೆ ಸರಿಹೋಗುವುದಿಲ್ಲ, ಮುಂದೊಂದು ಮಳೆಗಾಲದ ಗಾಳಿಗೆ ಅಲ್ಲೇ ಮುರಿಯುತ್ತದೆ. ತೆಂಗು, ಅಡಿಕೆಯ ಸಂಶಯಗಳಿಗೆ ಕಾಸರಗೋಡಿನಲ್ಲೇ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಇದೆ. ಅದರ ಮೂಲ 1916ರ ತೆಂಗು ಸಂಶೋಧನಾ ಕೇಂದ್ರ.

ಏಣಿಲು ಕೊಯ್ದು ಸುಗ್ಗಿ ಬೆಳೆ ಮಾಡದ ಗದ್ದೆ ಖಾಲಿಯಿದ್ದರೆ ಸೌತೆ, ಹರಿವೆ, ಅಳಸಂಡೆ, ಬೆಂಡೆ, ಹಾಗಲಕ್ಕೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಗದ್ದೆಯಡಿಯ ತೇವವೇ ಅರ್ಧ ಕೆಲಸ ಮಾಡುತ್ತದೆ.

ವಯನಾಡಿನಲ್ಲಿ ಇದು ಕಾಫಿ ಹಣ್ಣು ಕೊಯ್ಯುವ ಗಡಿಬಿಡಿಯ ಕಾಲವಾದ್ದರಿಂದ ಹಿತ್ತಿಲಿಗೆ ಕೈ ಸಿಗುವುದು ಕಡಿಮೆ. ಆದರೂ ಎಲೆ ಒಣಗಿದ ಶುಂಠಿ, ಅರಿಶಿನ ಅಗೆಯುವಾಗ ಬಿತ್ತನೆಯ ಗೆಡ್ಡೆಯನ್ನು ಅಂದೇ ಆರಿಸಿ ಬೇರೆ ಇಡಿ. ಗಾಯವಿಲ್ಲದ, ದಪ್ಪನೆಯ ಗೆಡ್ಡೆಗಳನ್ನು ನೆರಳಿನ ಗುಂಡಿಯಲ್ಲಿ ಒಣ ಮರಳಿನ ನಡುವೆ ಇಟ್ಟು ಗಾಳಿಯಾಡುವಂತೆ ಮುಚ್ಚಬೇಕು.

ಎರೆ ಭೂಮಿಯ ಊರುಗಳು

ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಎರೆಯಲ್ಲಿ ತೇವ ಹೋಗುವ ದಾರಿ ಬಿರುಕು. ಮೇಲ್ಮಣ್ಣನ್ನು ಎರಡು ಮೂರು ಬೆರಳಷ್ಟು ಕೆದಕಿ ಎಡೆ ಹೊಡೆದರೆ ಬಿರುಕು ಮುಚ್ಚಿ ಒಳಗಿನ ತೇವ ಒಳಗೇ ಉಳಿಯುತ್ತದೆ. ಹಿತ್ತಲದ ಮಡಿಗೆ ಕುರ್ಚಿಗೆಯಿಂದ ಮಾಡಿದರೂ ಸಾಕು.

ಕಡಲೆ ಬಿತ್ತಿ 30ರಿಂದ 40 ದಿನಕ್ಕೆ ಕುಡಿ ಚಿವುಟಿ. ಗಿಡ ಕವಲೊಡೆದು ಕಾಯಿ ಹೆಚ್ಚುತ್ತದೆ, ಚಿವುಟಿದ್ದು ಅಂದಿನ ಪಲ್ಲೆಯಾಗುತ್ತದೆ. ಹೂ ಬಂದ ಮೇಲೆ ಮಾತ್ರ ಕೈ ಹಾಕಬಾರದು. ಎಳ್ಳಮಾವಾಸ್ಯೆಯ ಚರಗಕ್ಕೆ ಭಜ್ಜಿ ಮಾಡಲು ಹಸಿ ಕಡಲೆ, ಅವರೆ, ಮೆಂತ್ಯೆ ಎಲ್ಲ ಮನೆಯದ್ದೇ ಬೇಕೆನ್ನುವವರು ಮೆಂತ್ಯೆಯನ್ನು ಹಬ್ಬಕ್ಕೆ ಒಂದು ತಿಂಗಳು ಮೊದಲೇ ಬಿತ್ತಿರಬೇಕು. ಸೀತನಿ ತಿನ್ನುವ ಜೋಳವಿದ್ದರೆ ಹಕ್ಕಿ ಕಾಯುವುದು ಬೇರೆ ಕೆಲಸ.

ಆದೋನಿ ಕಡೆ ಹತ್ತಿ ಬಿಡಿಸಿ ಮುಗಿದ ಮೇಲೆ ಕಟ್ಟಿಗೆಯನ್ನು ಹೊಲದಲ್ಲಿ ನಿಲ್ಲಿಸಿಡಬೇಡಿ, ಹಿತ್ತಲಿಗೆ ತಂದು ಒಟ್ಟಲೂ ಬೇಡಿ. ಗುಲಾಬಿ ಕಾಯಿಕೊರಕ ಅದರಲ್ಲೇ ಉಳಿದು ಮುಂದಿನ ವರ್ಷಕ್ಕೆ ದಾಟುತ್ತದೆ. ಬೆಂಡೆಯೂ ಅದಕ್ಕೆ ಆಸರೆ. ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಆ ಭಾಗದ ಸದಸ್ಯರು ಡಿಸೆಂಬರ್‌ನ ಮೋಡ ಮುಸುಕಿದ ದಿನಗಳಲ್ಲಿ ತೊಗರಿಯ ಹೂ, ಕಾಯಿ ತಿರುಗಿಸಿ ಹುಳು ನೋಡುವುದನ್ನು ಬಿಡಬಾರದು.

ಸವರುವುದು, ಸವರದಿರುವುದು

ಗುಲಾಬಿ ಸವರಿದ ಸುಮಾರು 45 ದಿನಕ್ಕೆ ಹೂ ಕೊಡುತ್ತದೆ. ಹೊಸೂರಿನ ಬೆಳೆಗಾರರು ಫೆಬ್ರವರಿ 14ರ ಪ್ರೇಮಿಗಳ ದಿನದ ಮಾರುಕಟ್ಟೆಗಾಗಿ ಡಿಸೆಂಬರ್‌ನಲ್ಲೇ ಕತ್ತರಿ ಹಿಡಿಯುವುದು ಈ ಲೆಕ್ಕದಿಂದಲೇ. ಮನೆಯ ಗಿಡಕ್ಕೂ ಅದೇ ಹೊತ್ತು ಸರಿ. ಒಣಗಿದ, ಒಳಮುಖವಾಗಿ ಬೆಳೆದ ಕಡ್ಡಿ ತೆಗೆದು, ಉಳಿದದ್ದನ್ನು ಹೊರಮುಖದ ಮೊಗ್ಗಿನ ಮೇಲೆ ಓರೆಯಾಗಿ ಕತ್ತರಿಸಿ. ದುಂಡುಮಲ್ಲಿಗೆಯನ್ನು ನವೆಂಬರ್ ಕೊನೆ, ಡಿಸೆಂಬರ್‌ನಲ್ಲಿ ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಸವರಿ ಎಲೆ ತೆಗೆದು ಗೊಬ್ಬರ ಕೊಟ್ಟರೆ ಮಾರ್ಚ್‌ನಿಂದ ಮೊಗ್ಗು.

ದಾಳಿಂಬೆಯ ತೀರ್ಮಾನಕ್ಕೆ ಮತ್ತೆ ನೀರಿನ ಲೆಕ್ಕಕ್ಕೇ ಬರಬೇಕು. ಜನವರಿ–ಫೆಬ್ರವರಿಯ ಆಂಬೆ ಬಹಾರಕ್ಕಾಗಿ ಅದಕ್ಕೆ ಮುಂಚೆ ತಿಂಗಳು ಎರಡು ತಿಂಗಳು ನೀರು ನಿಲ್ಲಿಸಿ, ಹಗುರಾಗಿ ಸವರಿ, ಗೊಬ್ಬರ ಹಾಕಿ ಮತ್ತೆ ನೀರು ಬಿಡುತ್ತಾರೆ. ಹಣ್ಣು ರೋಗ ಕಡಿಮೆಯಾಗಿ ಚೆನ್ನಾಗಿ ಬರುತ್ತದೆ. ಆದರೆ ಕಾಯಿ ದಪ್ಪವಾಗುವುದು ಏಪ್ರಿಲ್, ಮೇ ಬಿಸಿಲಿನಲ್ಲಿ. ಆಗ ನೀರಿಲ್ಲದವರು ಈ ಬಹಾರಕ್ಕೆ ಕೈಹಾಕದೆ ಮಳೆಗಾಲದ ಮೃಗ ಬಹಾರ ಹಿಡಿಯುವುದೇ ಲೇಸು. ಸೊಲ್ಲಾಪುರದಲ್ಲಿರುವ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರದಲ್ಲಿ ಸಲಹೆ ಸಿಗುತ್ತದೆ.

ಮಾವಿಗೆ ಈಗ ಕತ್ತರಿಯೂ ಬೇಡ, ನೀರೂ ಬೇಡ. ನವೆಂಬರ್–ಡಿಸೆಂಬರ್‌ನಲ್ಲಿ ನೀರು ಕೊಟ್ಟರೆ ಹೂವಿನ ಬದಲು ಚಿಗುರು ಬರುತ್ತದೆ. ಕಾಯಿ ಬಟಾಣಿಯಷ್ಟಾದ ಮೇಲೆ ಆರಂಭಿಸಿ.

ನೀಲಗಿರಿಯ ಹಿಮ

ಸುಮಾರು 2,240 ಮೀಟರ್ ಎತ್ತರದ ಉದಕಮಂಡಲದ ಸುತ್ತ ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟುತ್ತದೆ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿಯೇ ಅಪಾಯದ್ದು. ತಣ್ಣನೆಯ ಗಾಳಿ ಭಾರವಾಗಿ ತಗ್ಗಿಗೆ ಇಳಿಯುವುದರಿಂದ ಕಣಿವೆಯ ತಳದ ಮಡಿ ಸುಟ್ಟರೂ ಇಳಿಜಾರಿನ ಮೇಲಿನ ಹಟ್ಟಿಯ ಹಿತ್ತಿಲು ಉಳಿಯುತ್ತದೆ. ಆಲೂಗಡ್ಡೆ, ಬೀನ್ಸ್ ಹಿಮ ತಾಳವು. ಕೋಸು, ಗಜ್ಜರಿ, ಬೆಳ್ಳುಳ್ಳಿ ತಾಳುತ್ತವೆ. ತಗ್ಗಿನಲ್ಲಿ ಯಾವುದು, ಮೇಲೆ ಯಾವುದು ಎಂದು ಬಿತ್ತುವಾಗಲೇ ನಿರ್ಧರಿಸಿ.

ಇಲ್ಲಿ ನೀರನ್ನು ಮಧ್ಯಾಹ್ನದೊಳಗೆ ಕೊಡಿ. ಒದ್ದೆ ನೆಲ ಹಗಲಿನ ಬಿಸಿಯನ್ನು ಹಿಡಿದು ರಾತ್ರಿ ಬಿಡುತ್ತದೆ, ಒಣ ನೆಲ ಬಿಡುವುದಿಲ್ಲ. ಸಂಜೆ ಒಣಹುಲ್ಲು, ಜರಿಗಿಡದ ಸೊಪ್ಪು ಅಥವಾ ಗೋಣಿಯಿಂದ ಮುಚ್ಚಿ, ಬಿಸಿಲು ಬಿದ್ದ ಮೇಲೆ ತೆಗೆಯಿರಿ. ಪ್ಲಾಸ್ಟಿಕ್ ಹಾಳೆ ಎಲೆಗೆ ತಾಗಿದರೆ ತಾಗಿದ ಕಡೆಯೇ ಸುಡುತ್ತದೆ. ಹಿಮಕ್ಕೆ ಕಪ್ಪಾದ ಕೊಂಬೆಗಳನ್ನು ಕೂಡಲೇ ಕತ್ತರಿಸಬೇಡಿ. ಹೊಸ ಚಿಗುರು ಬಂದು ಮುಂದಿನ ಹಿಮಕ್ಕೆ ಅದೂ ಹೋಗುತ್ತದೆ. ಹೊಸೂರಿನ ಗುಲಾಬಿ ಪಂಚಾಂಗ ಇಲ್ಲಿ ಸಲ್ಲದಿರುವುದೂ ಇದಕ್ಕೇ.

ರೋಗ, ಹುಳು, ಆನೆ

ಒಣ ಹವೆಯ ತಂಪಿನಲ್ಲಿ ಬಟಾಣಿ, ಬೆಂಡೆ, ಕುಂಬಳದ ಎಲೆಗೆ ಬಿಳಿ ಬೂದಿ ಹಿಡಿಯುತ್ತದೆ. ಆರಂಭದಲ್ಲೇ ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ಬಿಸಿಲಿನಲ್ಲಿ ಸಿಂಪಡಿಸಿದರೆ ಹತೋಟಿಗೆ ಬರುತ್ತದೆ. ಅವರೆಯ ಕುಡಿಗೆ ಮುತ್ತುವ ಹೇನಿಗೆ ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ, ಎರಡು ಹನಿ ಸೋಪಿನ ನೀರು.

ತಾಳವಾಡಿ ಮತ್ತು ವಯನಾಡಿನ ಕಾಡಂಚಿನಲ್ಲಿ ಯಾವ ಸಿಂಪಡಣೆಗೂ ಬಗ್ಗದ ಅತಿಥಿ ಆನೆ. ಬೇಲಿಯ ಅಂಚಿಗೆ ಬಾಳೆ, ಕಬ್ಬು ನೆಡಬೇಡಿ. ಮಾಗಿದ ಗೊನೆಯನ್ನು ಮರದಲ್ಲಿ ಬಿಡಬೇಡಿ. ರಾತ್ರಿ ಒಬ್ಬರೇ ಓಡಿಸಲು ಹೋಗುವುದಂತೂ ಕೂಡದು.

ಬೀಜ ಎತ್ತಿಡುವುದು

ಚಳಿ ಮುಗಿಯುವ ಹೊತ್ತಿಗೆ ಎಲ್ಲವನ್ನೂ ಕಿತ್ತು ಅಡುಗೆಗೆ ಹಾಕಿಬಿಟ್ಟರೆ ಮುಂದಿನ ವರ್ಷ ಮತ್ತೆ ಪೊಟ್ಟಣವೇ ಗತಿ. ಅಜ್ಜಿಯ ಕಾಲದಿಂದ ಬಂದ ಸೌತೆಯೋ ಅವರೆಯೋ ಒಂದು ವರ್ಷ ಬೀಜಕ್ಕೆ ಬಿಡದಿದ್ದರೆ ಆ ಮನೆಯಲ್ಲಿ ಅಲ್ಲಿಗೇ ಮುಗಿಯಿತು. ಅಂಗಡಿಯಲ್ಲಿ ಅದು ಸಿಗುವುದಿಲ್ಲ. ಆರೋಗ್ಯವಾದ ಎರಡು ಮೂರು ಗಿಡಗಳಿಗೆ ಈಗಲೇ ಬಣ್ಣದ ದಾರ ಕಟ್ಟಿ, ಅವುಗಳ ಕಾಯಿ ಯಾರೂ ಕೊಯ್ಯದಂತೆ ಮನೆಮಂದಿಗೆ ಹೇಳಿಡಿ. ಪೊಟ್ಟಣದ ಮೇಲೆ ಸಂಕರ ತಳಿ ಎಂದಿದ್ದರೆ ಅದರ ಬೀಜ ಇಡುವುದರಲ್ಲಿ ಅರ್ಥವಿಲ್ಲ, ಮುಂದಿನ ಪೀಳಿಗೆ ಹಾಗೆಯೇ ಬರುವುದಿಲ್ಲ.

ಕರಾವಳಿಯ ಮನೆಗಳಲ್ಲಿ ಬಲಿತ ಸೌತೆಯನ್ನು ಬಾಳೆನಾರಿನಲ್ಲಿ ಹೆಣೆದು ಮಾಡಿಗೆ ತೂಗುಹಾಕುವುದು ಅಡುಗೆಗೂ ಆಯಿತು, ಬೀಜಕ್ಕೂ ಆಯಿತು. ತೊಗರಿ, ಅವರೆ ಬೀಜವನ್ನು ಕೆಮ್ಮಣ್ಣಿನ ನೀರಿನಲ್ಲಿ ಹೊರಳಿಸಿ ಒಣಗಿಸಿದರೆ ಹುಳು ಹಿಡಿಯುವುದು ಕಡಿಮೆ. ಸೊಪ್ಪಿನ ಬೀಜಕ್ಕೆ ಒಲೆಯ ಬೂದಿ ಮತ್ತು ಒಣಗಿದ ಬೇವಿನೆಲೆ ಸಾಕು. ಜಹೀರಾಬಾದ್ ಸುತ್ತಿನ ಹಳ್ಳಿಗಳ ಮಹಿಳಾ ರೈತರು ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಜೊತೆ ಹೀಗೆ ಕಾಪಾಡಿದ ಹಳೆಯ ಧಾನ್ಯಗಳ ಬೀಜವನ್ನು ಸಂಕ್ರಾಂತಿಯ ಸಮಯದಲ್ಲಿ ಎತ್ತಿನ ಬಂಡಿಗಳಲ್ಲಿ ಊರೂರಿಗೆ ಮೆರವಣಿಗೆ ಒಯ್ಯುತ್ತಾರೆ. ಆ ಕಡೆಯ ಸದಸ್ಯರು ಒಮ್ಮೆ ನೋಡಿ ಬರಬಹುದು.

ಸಂಘದ ಕೂಟಕ್ಕೆ ಬರುವಾಗ ಹೆಚ್ಚಿನ ಬೀಜವಿದ್ದರೆ ಕಾಗದದ ಪೊಟ್ಟಣದಲ್ಲಿ ತನ್ನಿ, ಪ್ಲಾಸ್ಟಿಕ್ ಬೇಡ. ಮೇಲೆ ನಾಲ್ಕು ವಿಷಯ ಬರೆಯಿರಿ: ನಿಮ್ಮ ಮನೆಯಲ್ಲಿ ಹೇಳುವ ಹೆಸರು, ನಿಮ್ಮ ಊರಿನ ಅಂಗಡಿಯಲ್ಲಿ ಹೇಳುವ ಹೆಸರು, ಬಿತ್ತಿದ ತಿಂಗಳು, ಮಣ್ಣು ಎರೆಯೋ ಕೆಂಪೋ ಮುರವೋ ಎಂಬುದು.